ರಾಯಚೂರು ಒಳಕೋಟೆಯ ಶಾಸನಶಿಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಫಲವತ್ತಾದ ನಾಡಿಗಾಗಿ ದಖ್ಖನಿನ ರಾಜ್ಯಗಳು ಶತಮಾನಗಳ ಕಾಲ ಸೆಣಸಿದವು. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ, ಇವೆರಡಕ್ಕೂ ಪೂರ್ವದಲ್ಲಿ ರಾಯಚೂರು. ಹೀಗಾಗಿ ರಾಯಚೂರಿನ ಇತಿಹಾಸವೆಂದರೆ ಕದನಗಳ ಇತಿಹಾಸವೆಂಬ ಭಾವನೆ ಬಲವಾಗಿ ಬೇರೂರಿದೆ. ಆದರೆ ಕೋಟೆಯನ್ನು ಗೆದ್ದುದಕ್ಕಿಂತ ಕಟ್ಟಿದುದನ್ನು ಕುರಿತು ಹೇಳುವ ಆಕರವೊಂದು ಆ ಕೋಟೆಯ ಗೋಡೆಯಲ್ಲಿಯೇ ಇದೆ.

ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿರುವ ಒಂದೇ ಕಲ್ಲಿನ ಚಪ್ಪಡಿಯ ಉದ್ದ 41 ಅಡಿ 8 ಅಂಗುಲ. ಅದರ ಮೇಲೆ ಶಕವರ್ಷ 1216ರ, ಅಂದರೆ ಕ್ರಿ.ಶ. 1294ರ ಶಾಸನವಿದೆ. ಕಾಕತೀಯರ ಸೇನಾನಿ ಗೋರೆ ಗನ್ನಯ್ಯ ರೆಡ್ಡಿಯ ಅಧೀನನಾಗಿದ್ದ ವಿಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವ ದುರ್ಗಗಳನ್ನು ಗೆದ್ದು ರಾಯಚೂರನ್ನು ಪ್ರವೇಶಿಸಿ, ಜನರ ರಕ್ಷಣೆಗಾಗಿ ಈ ಕೋಟೆಯನ್ನು ಕಟ್ಟಿಸಿದನೆಂಬುದು ಅದರ ಸಾರ. ಇಲ್ಲಿಯ ಮಾನುವವೇ ಇಂದಿನ ಮಾನ್ವಿ. ಈ ನಿರ್ಮಾಣವನ್ನು ರಾಣಿ ರುದ್ರಮದೇವಿಯ ಕಾಲಕ್ಕೆ ಸೇರಿಸುವ ವಾಡಿಕೆಯುಂಟು. ಆಕೆ ಮರಣಹೊಂದಿದ್ದು 1289ರಲ್ಲಿ ಎಂದು ಚಂದುಪಟ್ಲ ಶಾಸನದಿಂದ ತಿಳಿದುಬರುವುದರಿಂದ ಇದನ್ನು ಪ್ರತಾಪರುದ್ರನ ಆಳ್ವಿಕೆಗೆ ಸೇರಿಸುವುದೇ ಯುಕ್ತ.

ಶಾಸನಕ್ಕಿಂತಲೂ ಅಪೂರ್ವವಾದುದು ಅದರ ಜೊತೆಗಿರುವ ರೇಖಾಚಿತ್ರ. ಇದೇ ಶಿಲೆಯನ್ನು ಗಣಿಯಿಂದ ಸಾಗಿಸಿದ ಬಗೆಯನ್ನು ಅಲ್ಲಿ ಕೊರೆಯಲಾಗಿದೆ. ಅರೆಕಾಲುಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಚಾವಟಿ ಬೀಸುತ್ತ ಹುರಿದುಂಬಿಸುವ ಬಂಡಿಕಾರರು, ಗಾಲಿಗಳಿಗೆ ಮರದ ಸನ್ನೆಗೋಲು ಕೊಟ್ಟು ಮುಂದಕ್ಕೆ ನೂಕುವ ಆಳುಗಳು ಇದರಲ್ಲಿದ್ದಾರೆ. ಕಟ್ಟಿಸಿದವರ ಹೆಸರನ್ನು ಅಕ್ಷರಗಳು ಹೇಳಿದರೆ, ದುಡಿದವರಿಗೆ ಈ ರೇಖೆಗಳಲ್ಲಿ ಮಾತ್ರ ಸ್ಥಾನ ದೊರೆತಿದೆ. ಮಧ್ಯಯುಗದ ನಿರ್ಮಾಣತಂತ್ರವನ್ನು ಕುರಿತು ಇಷ್ಟು ನೇರವಾದ ಸಾಕ್ಷ್ಯ ವಿರಳ. ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿದ ಒಳಗೋಡೆಯ ಬೃಹತ್ ಶಿಲೆಗಳನ್ನು ಈ ಚಿತ್ರದ ಬೆಳಕಿನಲ್ಲಿಯೇ ನೋಡಬೇಕು.

ಮುಂದೆ ನಗರವು ಬಹಮನಿಗಳ ವಶವಾಯಿತು. ಮಹಮೂದ್ ಷಾ ಬಹಮನಿಯ ಕಾಲದಲ್ಲಿ, ಹಿಜರಿ 919ರಲ್ಲಿ (1513), ಸುಮಾರು 65 ಅಡಿ ಎತ್ತರದ ಮಿನಾರುಳ್ಳ ಏಕ್ ಮಿನಾರ್ ಮಸೀದಿ ನಿರ್ಮಾಣವಾಯಿತು.

1520ರಲ್ಲಿ ವಿಜಯನಗರದ ಕೃಷ್ಣದೇವರಾಯನು ಬಿಜಾಪುರದ ಅಧೀನದಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿದಾಗಿನ ವೃತ್ತಾಂತವನ್ನು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಗಾತ್ರಕ್ಕೆ ತಕ್ಕಂತೆ ನಾಯಕರು ಸೈನಿಕರಿಗೆ ಹಣ ಕೊಡುತ್ತಿದ್ದರಂತೆ. ಕಲ್ಲು ತರುವ ಶ್ರಮವನ್ನು ಗೋಡೆಯಲ್ಲಿ ಕೊರೆಯಿಸಿದ ಊರಿನಲ್ಲಿ ಕಲ್ಲು ಕೀಳುವುದಕ್ಕೂ ಬೆಲೆ ಕಟ್ಟಲಾಯಿತು. ಮೇ 19ರ ಕದನದಲ್ಲಿ ಇಸ್ಮಾಯಿಲ್ ಆದಿಲ್ ಷಾ ಸೋತ ಮೇಲೂ ಕೋಟೆ ಮಣಿದಿರಲಿಲ್ಲ. ಕ್ರಿಸ್ಟೊವಾವ್ ದ ಫಿಗೆರೆದೊನ ಕೋವಿಗಾರರು ಕೊತ್ತಳದ ಮೇಲಿನ ಕಾವಲಿನವರನ್ನು ಹಿಮ್ಮೆಟ್ಟಿಸಿದುದರಿಂದ ಗೋಡೆ ಅಗೆಯುವವರಿಗೆ ಬಿಡುವು ದೊರೆಯಿತು. ಕೊನೆಗೆ ದುರ್ಗಾಧಿಪತಿಯೇ ಗುಂಡೇಟಿಗೆ ಬಲಿಯಾದಾಗ ಕೋಟೆ ಶರಣಾಯಿತು.