ಆರ್‌ಸಿಬಿಯ ಸೋಲಿನ ವರ್ಷಗಳು: ಅಭಿಮಾನಿಗಳ ವಾದಗಳಲ್ಲಿ ಹುರುಳೆಷ್ಟು?

ಆಗುಂಬೆ: ಮಲೆನಾಡಿನಲ್ಲಿ ಐಪಿಎಲ್ ಕ್ರಿಕೆಟ್‌ಗೆ ಮಳೆಗಾಲವೇ ಗಡುವು. ಮಾರ್ಚ್ ಕೊನೆಯ ವೇಳೆಗೆ ಆರಂಭವಾಗುವ ಟೂರ್ನಿ ಘಟ್ಟಕ್ಕೆ ಮುಂಗಾರು ತಲುಪುವ ಹೊತ್ತಿಗೆ ಮುಗಿದಿರುತ್ತದೆ. ನಡುವಿನ ಎರಡು ತಿಂಗಳಲ್ಲಿ ಸಂಜೆಯ ಗುಡುಗು ಮಳೆಗೆ ವಿದ್ಯುತ್ ಕೈಕೊಡದಿದ್ದರೆ ಪಂದ್ಯ. ಕೈಕೊಟ್ಟರೆ ಪಂದ್ಯದ ಬಗ್ಗೆ ಮಾತು. ತೀರ್ಥಹಳ್ಳಿ, ಹೊಸನಗರ, ಸಾಗರದ ಹೋಟೆಲು, ಅಂಗಡಿ ಜಗಲಿಗಳ ಈ ಮಾತು ಬೆಂಗಳೂರಿನ ಬಸ್ಸುಗಳಲ್ಲಿ ಕೇಳುವ ಮಾತಿಗಿಂತ ಬೇರೆಯದೇನಲ್ಲ. ಹದಿನೇಳು ವರ್ಷಗಳ ಕಾಲ ಎಲ್ಲೆಡೆ ಕೇಳಿಬಂದದ್ದು ಒಂದೇ ಪ್ರಶ್ನೆ: ನಮ್ಮ ತಂಡಕ್ಕೆ ಯಾಕೆ ಹೀಗಾಗುತ್ತದೆ?

ಸೋತ ತಂಡದ ಕಥೆ ಆಗುಂಬೆಗೆ ಹೊಸದಲ್ಲ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ 1980ರ ದಶಕದಲ್ಲಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಚಿತ್ರೀಕರಣಗೊಂಡದ್ದು ಇದೇ ಊರಿನಲ್ಲಿ. ಅದರ ಬಾಲಕ ಸ್ವಾಮಿ ಮತ್ತು ಅವನ ಗೆಳೆಯರೂ ಒಂದು ಕ್ರಿಕೆಟ್ ತಂಡ ಕಟ್ಟಿದ್ದರು. ಮುಖ್ಯ ಪಂದ್ಯದ ದಿನ ಸ್ವಾಮಿಯೇ ಊರಲ್ಲಿರಲಿಲ್ಲ. ತಂಡ ಸೋತಿತು, ನಾಯಕ ರಾಜಂ ಮಾತು ಬಿಟ್ಟ. ಆರ್‌ಸಿಬಿ ಅಭಿಮಾನಿಗಳು ಮಾತ್ರ ಮಾತು ಬಿಟ್ಟವರಲ್ಲ. ಅವರ ವಾದಗಳನ್ನು ದಾಖಲೆಗಳ ಎದುರಿಗಿಟ್ಟು ನೋಡಿದರೆ ಕೆಲವು ಗಟ್ಟಿಯಾಗಿ ನಿಲ್ಲುತ್ತವೆ, ಕೆಲವು ಉದುರಿಹೋಗುತ್ತವೆ.

ಮೊದಲ ರಾತ್ರಿ, ಮೊದಲ ಋತು

2008ರಲ್ಲಿ ಫ್ರಾಂಚೈಸಿ ಹಕ್ಕನ್ನು ವಿಜಯ್ ಮಲ್ಯ ಅವರ ಸಮೂಹ 11.16 ಕೋಟಿ ಡಾಲರ್‌ಗೆ ಪಡೆಯಿತು. ಮುಂಬೈ ತಂಡದ ನಂತರ ಅದೇ ಅತ್ಯಧಿಕ ಬೆಲೆ. ರಾಹುಲ್ ದ್ರಾವಿಡ್ ನಾಯಕ. ಅನಿಲ್ ಕುಂಬ್ಳೆ, ಜಾಕ್ ಕಾಲಿಸ್, ಜಹೀರ್ ಖಾನ್, ವಾಸಿಂ ಜಾಫರ್, ಶಿವನಾರಾಯಣ ಚಂದ್ರಪಾಲ್ ಮುಂತಾದವರಿದ್ದ ಪಟ್ಟಿ ಟೆಸ್ಟ್ ಪಂದ್ಯಕ್ಕೆ ಹೇಳಿ ಮಾಡಿಸಿದಂತಿತ್ತು. ‘ಟೆಸ್ಟ್ ತಂಡ’ ಎಂಬ ಅಡ್ಡಹೆಸರು ಅಂಟಿಕೊಳ್ಳಲು ಹೆಚ್ಚು ದಿನ ಬೇಕಾಗಲಿಲ್ಲ.

ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಐಪಿಎಲ್ ಇತಿಹಾಸದ ಮೊದಲ ಪಂದ್ಯದಲ್ಲೇ ಕೋಲ್ಕತ್ತ ನೈಟ್ ರೈಡರ್ಸ್‌ನ ಬ್ರೆಂಡನ್ ಮೆಕಲಂ 73 ಎಸೆತಗಳಲ್ಲಿ ಅಜೇಯ 158 ರನ್ ಬಾರಿಸಿದರು. 223 ರನ್‌ಗಳ ಗುರಿ ಎದುರಿಗಿದ್ದ ಬೆಂಗಳೂರು 82ಕ್ಕೆ ಆಲೌಟ್. ಎರಡಂಕಿ ಮುಟ್ಟಿದ ಏಕೈಕ ದಾಂಡಿಗ, ಬೌಲರ್ ಪ್ರವೀಣ್ ಕುಮಾರ್. ಆ ಋತುವಿನ 14 ಪಂದ್ಯಗಳಲ್ಲಿ ತಂಡ ಗೆದ್ದದ್ದು ನಾಲ್ಕನ್ನು ಮಾತ್ರ. ಎಂಟು ತಂಡಗಳ ಪೈಕಿ ಏಳನೇ ಸ್ಥಾನ. ಟೂರ್ನಿಯ ನಡುವೆಯೇ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಚಾರು ಶರ್ಮಾ ಹುದ್ದೆ ಕಳೆದುಕೊಂಡು, ಬ್ರಿಜೇಶ್ ಪಟೇಲ್ ಆ ಸ್ಥಾನಕ್ಕೆ ಬಂದರು. ಆಟಗಾರರ ಆಯ್ಕೆಯ ಬಗ್ಗೆ ಮಲ್ಯ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡದ್ದು ಅಭಿಮಾನಿಗಳನ್ನು ಎರಡು ಪಾಳಯವಾಗಿ ಒಡೆಯಿತು. ತಪ್ಪು ದ್ರಾವಿಡ್ ಅವರದೆಂದು ಕೆಲವರು, ಮಾಲೀಕರದೆಂದು ಹಲವರು. ಅಷ್ಟೆಲ್ಲ ಆದ ಮೇಲೂ ಆ ಋತುವಿನಲ್ಲಿ ತಂಡದ ಪರ ಅತಿ ಹೆಚ್ಚು ರನ್ (371) ಗಳಿಸಿದವರು ದ್ರಾವಿಡ್ ಅವರೇ ಎಂಬುದನ್ನು ನೆನಪಿಟ್ಟವರು ಕಡಿಮೆ.

ಕೊನೆಯ ಸ್ಥಾನ ಎರಡೇ ಬಾರಿ

‘ಸದಾ ಸೋಲುವ ತಂಡ’ ಎಂಬ ಹಣೆಪಟ್ಟಿಗೆ ದಾಖಲೆಗಳ ಬೆಂಬಲವಿಲ್ಲ. 2008ರಿಂದ 2024ರವರೆಗಿನ 17 ಋತುಗಳಲ್ಲಿ ಆರ್‌ಸಿಬಿ ಒಂಬತ್ತು ಬಾರಿ ಮೊದಲ ನಾಲ್ಕು ತಂಡಗಳಲ್ಲಿ ಒಂದಾಗಿತ್ತು. ಪಟ್ಟಿಯ ತಳ ಮುಟ್ಟಿದ್ದು 2017 ಮತ್ತು 2019ರಲ್ಲಿ ಮಾತ್ರ. 2017ರಲ್ಲಿ 14 ಪಂದ್ಯಗಳಿಂದ ಮೂರೇ ಗೆಲುವು. ಭುಜದ ಗಾಯದಿಂದ ಕೆ.ಎಲ್. ರಾಹುಲ್ ಇಡೀ ಋತು ಹೊರಗಿದ್ದರೆ, ವಿರಾಟ್ ಕೊಹ್ಲಿ ಆರಂಭದ ಪಂದ್ಯಗಳನ್ನು ತಪ್ಪಿಸಿಕೊಂಡರು. ಆ ವರ್ಷದ ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ 132 ರನ್ ಬೆನ್ನಟ್ಟಿದ ತಂಡ 9.4 ಓವರುಗಳಲ್ಲಿ 49ಕ್ಕೆ ಕುಸಿಯಿತು. ಒಬ್ಬರೂ ಎರಡಂಕಿ ದಾಟಲಿಲ್ಲ. ನಾಲ್ಕು ವರ್ಷಗಳ ಹಿಂದೆ ಅದೇ ಏಪ್ರಿಲ್ 23ರಂದು ಕ್ರಿಸ್ ಗೇಲ್ ಅವರ ಅಜೇಯ 175ರ ನೆರವಿನಿಂದ ಇದೇ ತಂಡ 263 ರನ್ ಪೇರಿಸಿತ್ತು. ಜ್ಯೋತಿಷ್ಯ ನಂಬದ ಅಭಿಮಾನಿಯೂ ಈ ತಾರೀಖಿನ ಪ್ರಸ್ತಾಪ ಬಂದಾಗ ಒಂದು ಕ್ಷಣ ಸುಮ್ಮನಾಗುತ್ತಾನೆ.

ಅಭಿಮಾನಿಗಳನ್ನು ನೋಯಿಸಿದ್ದು ತಳದ ಸ್ಥಾನಕ್ಕಿಂತ ಹೆಚ್ಚಾಗಿ ಹೊಸ್ತಿಲಲ್ಲಿ ಎಡವಿದ ಪರಿ. 2009ರ ಫೈನಲ್‌ನಲ್ಲಿ ನಾಯಕ ಕುಂಬ್ಳೆ 16 ರನ್‌ಗೆ ನಾಲ್ಕು ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು, ತಂಡ ಡೆಕ್ಕನ್ ಚಾರ್ಜರ್ಸ್‌ಗೆ ಆರು ರನ್‌ಗಳಿಂದ ಶರಣಾಯಿತು. 2011ರಲ್ಲಿ ಚೆನ್ನೈ ಎದುರು 58 ರನ್‌ಗಳ ಸೋಲು. ಗೇಲ್ ಮೊದಲ ಓವರಿನಲ್ಲೇ ಸೊನ್ನೆಗೆ ಔಟ್. 2012ರಲ್ಲಿ ಕೊನೆಯ ಲೀಗ್ ಪಂದ್ಯ ಗೆದ್ದಿದ್ದರೆ ಸಾಕಿತ್ತು; ಎದುರಾಳಿ ಡೆಕ್ಕನ್ ಚಾರ್ಜರ್ಸ್ ಪಟ್ಟಿಯ ತಳಭಾಗದಲ್ಲಿತ್ತು. ಆದರೆ ಒಂದು ಕಾಲಕ್ಕೆ ಬೆಂಗಳೂರಿನಲ್ಲೇ ಇದ್ದ ಡೇಲ್ ಸ್ಟೇನ್ ಅಂದು ಎದುರಾಳಿಯ ಪರ ಎಸೆದರು. ಪಂದ್ಯ ಸೋತ ಬೆಂಗಳೂರು, ಚೆನ್ನೈನಷ್ಟೇ 17 ಅಂಕ ಗಳಿಸಿದ್ದರೂ ರನ್ ಸರಾಸರಿಯಲ್ಲಿ ಹೊರಬಿತ್ತು.

2016ರ ಗಾಯ ಎಲ್ಲಕ್ಕಿಂತ ಆಳವಾದದ್ದು. ಕೊಹ್ಲಿ ಆ ಋತುವಿನಲ್ಲಿ ನಾಲ್ಕು ಶತಕಗಳೊಡನೆ 973 ರನ್ ಗಳಿಸಿದ್ದರು. ಫೈನಲ್ ನಡೆದದ್ದು ತವರಿನ ಅಂಗಳದಲ್ಲೇ. 209 ರನ್‌ಗಳ ಗುರಿಯೆದುರು ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೆ 114 ರನ್ ಸೇರಿಸಿದಾಗ ಕಪ್ ಕೈಗೆ ಬಂದಂತೆಯೇ ಇತ್ತು. ಕೊನೆಗೆ ಎಂಟು ರನ್‌ಗಳ ಕೊರತೆ. ಶೇನ್ ವಾಟ್ಸನ್ ನಾಲ್ಕು ಓವರುಗಳಲ್ಲಿ 61 ರನ್ ತೆತ್ತದ್ದನ್ನು, ಅದರಲ್ಲೂ ಕೊನೆಯ ಓವರಿನ 24 ರನ್‌ಗಳನ್ನು ಇಂದಿಗೂ ಎಣಿಸಿ ಹೇಳುವವರಿದ್ದಾರೆ. ಅದೇ ವಾಟ್ಸನ್ 2018ರ ಫೈನಲ್‌ನಲ್ಲಿ ಚೆನ್ನೈ ಪರ ಅಜೇಯ 117 ಬಾರಿಸಿ ಕಪ್ ಗೆದ್ದುಕೊಟ್ಟರು.

ಬೌಲಿಂಗ್ ಎಂಬ ಹಳೆಯ ತಕರಾರು

ಅಭಿಮಾನಿಗಳ ವಾದಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದು: ದುಡ್ಡೆಲ್ಲ ಬ್ಯಾಟಿಗೆ ಸುರಿದರು, ಚೆಂಡಿಗೆ ಉಳಿಯಲಿಲ್ಲ. ಮೊದಲ 17 ಋತುಗಳಲ್ಲಿ ಅತ್ಯಧಿಕ ರನ್ ಗಳಿಸಿದವರಿಗೆ ಸಲ್ಲುವ ಕಿತ್ತಳೆ ಟೋಪಿ ನಾಲ್ಕು ಬಾರಿ ಆರ್‌ಸಿಬಿ ಆಟಗಾರರಿಗೆ ದಕ್ಕಿದೆ: ಗೇಲ್‌ಗೆ 2011 ಮತ್ತು 2012ರಲ್ಲಿ, ಕೊಹ್ಲಿಗೆ 2016 ಮತ್ತು 2024ರಲ್ಲಿ. ಅತ್ಯಧಿಕ ವಿಕೆಟ್‌ಗಳ ನೇರಳೆ ಟೋಪಿ ಬಂದದ್ದು ಒಂದೇ ಬಾರಿ. 2021ರಲ್ಲಿ 32 ವಿಕೆಟ್ ಪಡೆದ ಹರ್ಷಲ್ ಪಟೇಲ್ ಅವರಿಗೆ.

ಇದರ ಇನ್ನೊಂದು ಮುಖ ಹೆಚ್ಚು ಕಹಿಯಾದದ್ದು. 2014ರಿಂದ ಎಂಟು ಋತು ತಂಡದಲ್ಲಿದ್ದು ಅದರ ಅತ್ಯಂತ ಯಶಸ್ವಿ ಬೌಲರ್ ಆಗಿದ್ದ ಯಜುವೇಂದ್ರ ಚಾಹಲ್ ಅವರನ್ನು 2022ಕ್ಕೆ ಮುನ್ನ ಕೈಬಿಡಲಾಯಿತು. ಅದೇ ವರ್ಷ ಅವರು ರಾಜಸ್ಥಾನದ ಪರ 27 ವಿಕೆಟ್‌ಗಳೊಡನೆ ನೇರಳೆ ಟೋಪಿ ಧರಿಸಿದರು. 2023ರ ನಂತರ ಬಿಡುಗಡೆಯಾದ ಹರ್ಷಲ್, 2024ರಲ್ಲಿ ಪಂಜಾಬ್ ಪರ 24 ವಿಕೆಟ್ ಪಡೆದು ಮತ್ತೊಮ್ಮೆ ಅದೇ ಟೋಪಿ ಪಡೆದರು. ಹೀಗಾಗಿ ಹರಾಜಿನ ಮೇಜಿನ ಬಗ್ಗೆ ಅಭಿಮಾನಿಗಳ ಸಿಟ್ಟನ್ನು ಕೇವಲ ಭಾವಾವೇಶವೆಂದು ತಳ್ಳಿಹಾಕುವಂತಿಲ್ಲ.

ಚಿನ್ನಸ್ವಾಮಿ ಕ್ರೀಡಾಂಗಣದ ಸಣ್ಣ ಬೌಂಡರಿಗಳನ್ನು ದೂರುವವರ ಮಾತಿನಲ್ಲೂ ಅರ್ಧ ಸತ್ಯವಿದೆ. 2024ರ ಏಪ್ರಿಲ್ 15ರಂದು ಇಲ್ಲಿ ಹೈದರಾಬಾದ್ 287 ರನ್ ಪೇರಿಸಿತು. ಬೆಂಗಳೂರು 262 ಗಳಿಸಿಯೂ ಸೋತಿತು. ಆದರೆ ಅಂಗಳ ಎರಡೂ ತಂಡಗಳಿಗೆ ಒಂದೇ. ಇನ್ನು ನಾಯಕರ ಬದಲಾವಣೆಯ ವಾದ ಬಹಳ ದೂರ ಸಾಗದು. ದ್ರಾವಿಡ್, ಪೀಟರ್ಸನ್, ಕುಂಬ್ಳೆ, ವೆಟೋರಿ, ಕೊಹ್ಲಿ, ಡು ಪ್ಲೆಸಿ ಎಲ್ಲರ ಕಾಲದಲ್ಲೂ ಕಪ್ ಬರಲಿಲ್ಲ. ಇವರಲ್ಲಿ ಮೂವರ ನಾಯಕತ್ವದಲ್ಲಿ ಫೈನಲ್ ತಲುಪಿತ್ತು.

ಕನ್ನಡಿಗರು ಎಲ್ಲಿ?

ರಾಜ್ಯದ ಜಿಲ್ಲೆಗಳಲ್ಲಿ, ವಿಶೇಷವಾಗಿ ಜಿ.ಆರ್. ವಿಶ್ವನಾಥ್ ಹುಟ್ಟಿದ ಭದ್ರಾವತಿಯನ್ನು ಒಳಗೊಂಡ ಶಿವಮೊಗ್ಗ ಜಿಲ್ಲೆಯಂಥಲ್ಲಿ, ಹೆಚ್ಚು ಬಿಸಿಯೇರುವ ಪ್ರಶ್ನೆ ಇದು. 2013–14 ಮತ್ತು 2014–15ರಲ್ಲಿ ಆರ್. ವಿನಯ್ ಕುಮಾರ್ ನಾಯಕತ್ವದ ಕರ್ನಾಟಕ ತಂಡ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಪ್ರಶಸ್ತಿಗಳನ್ನು ಸತತ ಎರಡು ಋತು ಗೆದ್ದಿತು. ಆ ನಡುವಿನ 2014ರ ಐಪಿಎಲ್‌ನಲ್ಲಿ ಆರ್‌ಸಿಬಿ ಏಳನೇ ಸ್ಥಾನದಲ್ಲಿತ್ತು. ಅದೇ ವರ್ಷ ಜೂನ್ 1ರಂದು ಬೆಂಗಳೂರಿನಲ್ಲೇ ನಡೆದ ಫೈನಲ್‌ನಲ್ಲಿ ಕೋಲ್ಕತ್ತಗೆ ಕಪ್ ಗೆದ್ದುಕೊಟ್ಟದ್ದು ಮನೀಷ್ ಪಾಂಡೆ ಅವರ 94 ರನ್. 660 ರನ್‌ಗಳೊಡನೆ ಆ ಋತುವಿನ ಕಿತ್ತಳೆ ಟೋಪಿ ಧರಿಸಿದವರು ಕೋಲ್ಕತ್ತದ ರಾಬಿನ್ ಉತ್ತಪ್ಪ. ಇಬ್ಬರೂ ಕರ್ನಾಟಕದವರು, ಇಬ್ಬರೂ ಹಿಂದೆ ಆರ್‌ಸಿಬಿಯಲ್ಲಿದ್ದವರು. ಐಪಿಎಲ್‌ನಲ್ಲಿ ಭಾರತೀಯನೊಬ್ಬನ ಮೊದಲ ಶತಕವನ್ನು ಪಾಂಡೆ 2009ರಲ್ಲಿ ಬಾರಿಸಿದ್ದು ಇದೇ ತಂಡದ ಪರವಾಗಿ. 2016ರಲ್ಲಿ ಇಲ್ಲಿ ಮಿಂಚಿದ ರಾಹುಲ್ ಕೂಡ 2018ರಲ್ಲಿ ಪಂಜಾಬ್ ಪಾಲಾಗಿ 659 ರನ್ ಗಳಿಸಿದರು.

ಕನ್ನಡಿಗರಿದ್ದರೆ ಕಪ್ ಬರುತ್ತಿತ್ತೆಂದು ಇದರಿಂದ ಸಾಬೀತಾಗುವುದಿಲ್ಲ. ಕಪ್ ಗೆದ್ದ 2025ರ ಫೈನಲ್‌ನ ಹನ್ನೊಂದರ ಬಳಗದಲ್ಲಿ ಇದ್ದ ಕನ್ನಡಿಗ ಮಯಂಕ್ ಅಗರವಾಲ್ ಒಬ್ಬರೇ. ಅವರೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ಬಂದವರು. ಆದರೂ ಅಭಿಮಾನಿಗಳ ಕೊರಗು ಬರೀ ಗೆಲುವಿನ ಲೆಕ್ಕಾಚಾರದ್ದಲ್ಲ. ತಂಡದ ಹೆಸರು ‘ಬ್ಯಾಂಗಲೋರ್’ನಿಂದ ‘ಬೆಂಗಳೂರು’ ಆಗಲು 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಫ್ರಾಂಚೈಸಿ ಸಾಮಾಜಿಕ ಜಾಲತಾಣದಲ್ಲಿ ಹಿಂದಿ ಖಾತೆ ತೆರೆದಾಗ ಎದ್ದ ಆಕ್ಷೇಪಕ್ಕೂ ಈ ಕೊರಗಿಗೂ ಬೇರು ಒಂದೇ.

‘ಈ ಸಲ ಕಪ್ ನಮ್ದೇ’

ಆತ್ಮವಿಶ್ವಾಸದ ಘೋಷಣೆಯಾಗಿ ಹುಟ್ಟಿದ ಈ ಮಾತು ವರ್ಷಗಳುರುಳಿದಂತೆ ಎದುರಾಳಿಗಳ ಅಣಕವಾಯಿತು. ಆಮೇಲೆ ಅಭಿಮಾನಿಗಳು ತಮ್ಮನ್ನು ತಾವೇ ನಗಿಸಿಕೊಳ್ಳುವ ಮಾತೂ ಆಯಿತು. ಅದನ್ನು ಮೊದಲು ನಿಜ ಮಾಡಿದವರು ಮಹಿಳೆಯರು. 2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಆರಂಭದ ಐದೂ ಪಂದ್ಯ ಸೋತಿದ್ದ ಸ್ಮೃತಿ ಮಂದಾನ ಬಳಗ, 2024ರ ಮಾರ್ಚ್ 17ರಂದು ಡೆಲ್ಲಿಯನ್ನು ಎಂಟು ವಿಕೆಟ್‌ಗಳಿಂದ ಮಣಿಸಿ ಪ್ರಶಸ್ತಿ ಗೆದ್ದಿತು. ಕರ್ನಾಟಕದ ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ 12 ರನ್‌ಗೆ ನಾಲ್ಕು ವಿಕೆಟ್ ಪಡೆದರು. ಪುರುಷರ ತಂಡಕ್ಕೆ ಆಗಿನ್ನೂ ಕಪ್ ಇರಲಿಲ್ಲ.

ಕೆಲವೇ ವಾರಗಳಲ್ಲಿ ಪುರುಷರು ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು ಮತ್ತದೇ ಚರ್ಚೆಗೆ ಸಾಮಗ್ರಿ ಒದಗಿಸಿದರು. ಋತು ಮುಗಿಯಿತೆಂದು ಎಲ್ಲರೂ ಭಾವಿಸಿದ್ದಾಗ ಸತತ ಆರು ಗೆಲುವು ಬಂತು. ಮೇ 18ರಂದು ಚೆನ್ನೈಯನ್ನು ಕನಿಷ್ಠ 18 ರನ್ ಅಂತರದಿಂದ ಸೋಲಿಸಬೇಕಿದ್ದ ತಂಡ 27 ರನ್‌ಗಳಿಂದ ಗೆದ್ದು ನಾಲ್ಕನೆಯದಾಗಿ ಮುಂದಕ್ಕೆ ಹೋಯಿತು. ನಂತರ ರಾಜಸ್ಥಾನಕ್ಕೆ ಸೋತಿತು. ಕಪ್ ಬರದ ಋತುಗಳಲ್ಲಿ ಅಭಿಮಾನಿಗಳು ಪ್ರೀತಿಯಿಂದ ನೆನೆಯುವುದು ಬಹುಶಃ ಇದೊಂದನ್ನೇ.

2025ರಲ್ಲಿ ಬೌಲಿಂಗ್ ತಕರಾರಿಗೆ ಉತ್ತರ ಸಿಕ್ಕಿತು. ಜೋಶ್ ಹ್ಯಾಜಲ್‌ವುಡ್ 22 ವಿಕೆಟ್ ಪಡೆದರು. 2016ರಲ್ಲಿ ಹೈದರಾಬಾದ್ ಪರ ಆಡಿ ಬೆಂಗಳೂರಿನ ಕಪ್ ಕಸಿದಿದ್ದ ಭುವನೇಶ್ವರ್ ಕುಮಾರ್ ಈ ಬಾರಿ ಕೆಂಪು ಅಂಗಿಯಲ್ಲಿದ್ದರು. ಲೀಗ್ ಹಂತದಲ್ಲಿ ಎದುರಾಳಿಗಳ ತವರಿನ ಏಳೂ ಪಂದ್ಯಗಳನ್ನು ಗೆದ್ದು, ಚಿನ್ನಸ್ವಾಮಿಯನ್ನು ದೂರುವವರಿಗೂ ಮಾತನಾಡಲು ವಿಷಯ ಕೊಟ್ಟಿತು. ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ರಜತ್ ಪಾಟೀದಾರ್ ನಾಯಕತ್ವದ ತಂಡ 190 ರನ್ ಗಳಿಸಿ, ಪಂಜಾಬನ್ನು 184ಕ್ಕೆ ತಡೆಯಿತು. ಅಂತರ ಆರು ರನ್. 2009ರಲ್ಲಿ ಸೋತದ್ದೂ ಅಷ್ಟರಿಂದಲೇ. ನಾಲ್ಕು ಓವರುಗಳಲ್ಲಿ 17 ರನ್‌ಗೆ ಎರಡು ವಿಕೆಟ್ ಪಡೆದ ಕೃಣಾಲ್ ಪಾಂಡ್ಯ ಪಂದ್ಯಶ್ರೇಷ್ಠ. ಅಂದು ರಾತ್ರಿ ರಾಜ್ಯದ ಊರೂರುಗಳಲ್ಲಿ ಪಟಾಕಿ ಸಿಡಿದವು.

ಮರುದಿನ ಸಂಜೆ ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಲಕ್ಷಾಂತರ ಜನ ಸೇರಿದರು. ದ್ವಾರಗಳಲ್ಲಿ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು; 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಬಹುತೇಕರು ಯುವಜನರು, ಹದಿಹರೆಯದವರೂ ಇದ್ದರು. ನಗರ ಪೊಲೀಸ್ ಆಯುಕ್ತರೂ ಸೇರಿದಂತೆ ಹಲವು ಅಧಿಕಾರಿಗಳನ್ನು ಸರ್ಕಾರ ಅಮಾನತು ಮಾಡಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗಕ್ಕೆ ತನಿಖೆ ವಹಿಸಿತು. ಮೃತರ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ನೀಡುವುದಾಗಿ ರಾಜ್ಯ ಸರ್ಕಾರವೂ ಫ್ರಾಂಚೈಸಿಯೂ ಪ್ರಕಟಿಸಿದವು. ಜಗಲಿಯ ಚರ್ಚೆಯಲ್ಲಿ ಈಗ ಬೌಲಿಂಗ್, ಹರಾಜುಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿದೆ: ಆ ಗೇಟುಗಳ ಹೊಣೆ ಯಾರದಾಗಿತ್ತು?