ಮೊದಲ ಸರ್ವಿಸ್ ಪ್ಯಾಕ್ ಬರಲಿ

ವಿಂಡೋಸ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಬಲ್ಲವರು ಹೇಳುತ್ತಿದ್ದ ಬುದ್ಧಿಮಾತು ಒಂದೇ: ಮೊದಲ ಸರ್ವಿಸ್ ಪ್ಯಾಕ್ (ತಿದ್ದುಪಡಿಗಳ ಕಂತೆ) ಬರಲಿ, ಆಮೇಲೆ ಹಾಕಿಸಿ. ಅದು ಬರೀ ಅಂಜಿಕೆಯ ಮಾತಲ್ಲ. 2001ರ ಅಕ್ಟೋಬರ್‌ನಲ್ಲಿ ಬಂದ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ತಾನಾಗಿಯೇ ಚಾಲೂ ಇರುವಂತಾಗಿದ್ದು 2004ರಲ್ಲಿ, ಎರಡನೆಯ ಸರ್ವಿಸ್ ಪ್ಯಾಕ್ ಬಂದ ಮೇಲೆ. 2007ರಲ್ಲಿ ಆತುರಪಟ್ಟು ವಿಸ್ತಾ ಹಾಕಿಸಿಕೊಂಡ ಹಲವರ ಪ್ರಿಂಟರ್, ಸ್ಕ್ಯಾನರ್‌ಗಳು ಹೊಂದುವ ಡ್ರೈವರ್ ಸಿಗದೆ ಮೂಲೆ ಸೇರಿದವು.

ಕನ್ನಡಿಗರಿಗೆ ಮಾತ್ರ ಎಕ್ಸ್‌ಪಿಯನ್ನು ಬೇಗ ಬರಮಾಡಿಕೊಳ್ಳಲು ಒಳ್ಳೆಯ ಕಾರಣವಿತ್ತು. ಯುನಿಕೋಡ್ ಕನ್ನಡವೂ ತುಂಗಾ ಫಾಂಟೂ ಅದರೊಳಗೇ ಇದ್ದವು.

ಮನೆಮನೆಗೂ ಇಂಟರ್ನೆಟ್ ಬಂದ ಮೇಲೆ ಕಾಯುವುದರಲ್ಲೂ ಅಪಾಯ ಸೇರಿತು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಭದ್ರತಾ ಪ್ಯಾಚ್ ಬಿಡುಗಡೆ ಮಾಡಿತು. ಅದನ್ನು ಹಾಕಿಕೊಳ್ಳದ ಯಂತ್ರಗಳ ಮೇಲೆ ಮೇ 12ರಂದು ವಾನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಎರಗಿತು. ಬ್ರಿಟನ್‌ನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೇ ಮುಂದಕ್ಕೆ ಹೋದವು. ಹೊಡೆತ ತಿಂದವುಗಳಲ್ಲಿ ಹೆಚ್ಚಿನವು ಹಳೆಯ ಎಕ್ಸ್‌ಪಿ ಯಂತ್ರಗಳಲ್ಲ, ವಿಂಡೋಸ್ 7 ಇದ್ದವು. ಅವಕ್ಕೆ ಹೊಸ ಆವೃತ್ತಿ ಬೇಕಿರಲಿಲ್ಲ, ಎರಡು ತಿಂಗಳ ಹಿಂದಿನ ಆ ಪ್ಯಾಚ್ ಸಾಕಿತ್ತು.

ಮರುವರ್ಷ ನಡೆದದ್ದು ಇದಕ್ಕೆ ತದ್ವಿರುದ್ಧ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಆವೃತ್ತಿ ಬಂತು. ತಾವಾಗಿಯೇ ಅಪ್‌ಡೇಟ್ ಹುಡುಕಿ ಗುಂಡಿ ಒತ್ತಿದವರಿಗೆ ಅದು ಮೊದಲು ಸಿಕ್ಕಿತು. ಅವರಲ್ಲಿ ಕೆಲವರ ದಾಖಲೆಗಳೂ ಫೋಟೋಗಳೂ ಕಾಣೆಯಾದವು. ತಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಬೇರೆ ಡ್ರೈವ್‌ಗೆ ತಿರುಗಿಸಿಕೊಂಡಿದ್ದ ಕೆಲವರು ಹಳೆಯ ಜಾಗದಲ್ಲೂ ಕಡತಗಳನ್ನು ಉಳಿಸಿಕೊಂಡಿದ್ದರು. ಅಪ್‌ಡೇಟ್ ಆ ಹಳೆಯ ಫೋಲ್ಡರನ್ನು ಕಡತಗಳ ಸಮೇತ ಅಳಿಸಿಹಾಕಿತ್ತು. ದೂರು ಕೊಟ್ಟವರು ಶೇಕಡಾ ಒಂದರ ನೂರನೇ ಒಂದು ಭಾಗ ಮಾತ್ರ ಎಂದಿತು ಕಂಪನಿ. ಮಗುವಿನ ಮೊದಲ ವರ್ಷದ ಚಿತ್ರಗಳು ಹೋದ ಮನೆಗೆ ಆ ಲೆಕ್ಕದಿಂದ ಏನು ಸಮಾಧಾನ? ಪರೀಕ್ಷಾ ಹಂತದಲ್ಲೇ ಕೆಲವರು ಈ ದೋಷವನ್ನು ವರದಿ ಮಾಡಿದ್ದರೂ ಅದು ಗಮನಕ್ಕೆ ಬಂದಿರಲಿಲ್ಲ ಎಂಬುದು ಇನ್ನೂ ಬೇಸರದ ಸಂಗತಿ. ಕೆಲವೇ ದಿನಗಳಲ್ಲಿ ವಿತರಣೆ ನಿಂತಿತು. ಸರಿಪಡಿಸಿದ ಪ್ರತಿ ನವೆಂಬರ್ 13ಕ್ಕೆ ಬಂತು. ಆರು ವಾರ ತಾಳಿದವರಿಗೆ ಏನೂ ಆಗಲಿಲ್ಲ.

ಹೀಗಾಗಿ ಹಳೆಯ ಬುದ್ಧಿಮಾತನ್ನು ಇಂದು ಎರಡಾಗಿ ಸೀಳಬೇಕು. ಭದ್ರತಾ ಪ್ಯಾಚ್ ಬಂದರೆ ಅದೇ ವಾರ ಹಾಕಿಕೊಳ್ಳಬೇಕು. ಹೊಸ ಆವೃತ್ತಿಗೆ ಕೆಲವು ತಿಂಗಳು ಕಾಯಬೇಕು, ಆದರೆ ಹಳೆಯದರ ಬೆಂಬಲ ಮುಗಿಯುವತನಕ ಅಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಘಟಕ ತಮ್ಮ ಯಂತ್ರದಲ್ಲಿದೆಯೇ ಎಂದು ಓದುಗರು ಈಗಲೇ ನೋಡಿಕೊಳ್ಳಲಿ. ಅದಕ್ಕೂ ಮೊದಲು ಮನೆಯ ಫೋಟೋ, ಕಾಗದಪತ್ರಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಎತ್ತಿಡಿ.