ದತ್ತು ತಂದ ನಾಯಿ ಮೂಲೆ ಹಿಡಿದಿದೆಯೇ? ಭಯವೋ, ಕಾಯಿಲೆಯೋ ತಿಳಿಯುವುದು ಹೀಗೆ

ಆಶ್ರಯಧಾಮದಿಂದಲೋ ಬೀದಿಯಿಂದಲೋ ಮನೆಗೆ ಬಂದ ನಾಯಿ ಮೊದಲ ದಿನ ಸೋಫಾ ಕೆಳಗೆ ಸೇರಿಕೊಂಡು ಹೊರಗೇ ಬರುವುದಿಲ್ಲ. ಬಟ್ಟಲಿಗೆ ಹಾಕಿದ ಅನ್ನ ಹಾಗೇ ಉಳಿದಿರುತ್ತದೆ. 'ಹೊಸ ಜಾಗ, ಹೆದರಿದೆ ಬಿಡಿ' ಎಂದು ಮನೆಯಲ್ಲಿ ಒಬ್ಬರು ಹೇಳಿದರೆ, 'ಹುಷಾರಿಲ್ಲವೇನೋ' ಎಂದು ಇನ್ನೊಬ್ಬರು ಹೇಳುತ್ತಾರೆ. ಭಯವಾಗಿದ್ದರೆ ಕಾಯಬೇಕು, ಕಾಯಿಲೆಯಾಗಿದ್ದರೆ ಕಾಯಬಾರದು. ಈ ವ್ಯತ್ಯಾಸ ಗುರುತಿಸಲು ತಡವಾದರೆ, ಮರಿಗಳ ವಿಷಯದಲ್ಲಂತೂ ಜೀವಕ್ಕೇ ಅಪಾಯ.

ವ್ಯತ್ಯಾಸ ತಿಳಿಯುವುದು ಹೇಗೆ?

ಹೆದರಿದ ನಾಯಿ ಬಾಲ ಮಡಚಿ, ಕಿವಿ ಹಿಂದಕ್ಕೆ ಒತ್ತಿ ಕೂತಿದ್ದರೂ ಸುತ್ತಲಿನವರನ್ನು ಗಮನಿಸುತ್ತಲೇ ಇರುತ್ತದೆ. ಹಗಲು ಊಟ ಮುಟ್ಟದಿದ್ದರೂ ಎಲ್ಲರೂ ಮಲಗಿದ ಮೇಲೆ ಬಂದು ತಿನ್ನುತ್ತದೆ, ನೀರು ಕುಡಿಯುತ್ತದೆ. ಕಾಯಿಲೆಯ ನಾಯಿ ಹೆಸರು ಕರೆದರೂ, ಸದ್ದಾದರೂ ಅಷ್ಟಾಗಿ ಗಮನ ಕೊಡುವುದಿಲ್ಲ. ವಾಂತಿ, ನೀರಿನಂಥ ಅಥವಾ ರಕ್ತ ಬೆರೆತ ಭೇದಿ, ಕಣ್ಣು-ಮೂಗಿನಿಂದ ಸೋರಿಕೆ, ಬಿಳಿಚಿಕೊಂಡ ಒಸಡು, ಇವುಗಳಲ್ಲಿ ಯಾವುದು ಕಂಡರೂ ಅದು ಬರೀ ಭಯವಲ್ಲ.

ಮೂಗು ಒಣಗಿದೆಯೋ ಒದ್ದೆಯಿದೆಯೋ ಎಂಬುದರಿಂದ ಜ್ವರ ಅಳೆಯಲಾಗದು. ನಾಯಿಯ ದೇಹದ ಉಷ್ಣಾಂಶ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಹಾಗಾಗಿ ಮನುಷ್ಯರಿಗೆ 'ಬಿಸಿ' ಅನ್ನಿಸುವುದೇ ಅದಕ್ಕೆ ಸಾಮಾನ್ಯ. 103 ದಾಟಿ, ಜೊತೆಗೆ ಮಂಕಾಗಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ದೊಡ್ಡ ನಾಯಿ ಪೂರ್ತಿ ಒಂದು ದಿನ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡುವುದು ಒಳ್ಳೆಯದು. ಮರಿಗೆ ವಾಂತಿ-ಭೇದಿ ಶುರುವಾದರೆ ಬೆಳಗಾಗುವವರೆಗೂ ಕಾಯುವಂತಿಲ್ಲ.

'ತಂದಾಗ ಚೆನ್ನಾಗಿಯೇ ಇತ್ತು'

ಮರಿ ಕಳೆದುಕೊಂಡ ಅನೇಕರು ಹೇಳುವ ಮಾತಿದು. ಇದಕ್ಕೆ ಕಾರಣವಿದೆ. ಪಾರ್ವೊ ವೈರಸ್ ದೇಹ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಅಂದರೆ ಮನೆಗೆ ಬರುವಾಗಲೇ ಸೋಂಕು ಇದ್ದರೂ ಮರಿ ಆಡಿಕೊಂಡಿರಬಹುದು. ಈ ವೈರಸ್ ಕರುಳಿನ ಒಳಪದರವನ್ನು ಹಾಳುಮಾಡುವುದರ ಜೊತೆಗೆ ಬಿಳಿ ರಕ್ತಕಣಗಳನ್ನೂ ಕುಗ್ಗಿಸುತ್ತದೆ. ದೇಹದ ನೀರಿನಂಶ ಇಳಿಯದಂತೆ ಸಲೈನ್, ವಾಂತಿ ತಡೆಯುವ ಔಷಧ ಮತ್ತು ಬೇರೆ ಸೋಂಕು ತಗಲದಂತೆ ಆ್ಯಂಟಿಬಯೋಟಿಕ್ ಕೊಡುವುದೇ ಮುಖ್ಯ ಚಿಕಿತ್ಸೆ. ಎಷ್ಟು ಬೇಗ ಶುರುವಾದರೆ ಬದುಕುಳಿಯುವ ಸಾಧ್ಯತೆ ಅಷ್ಟು ಹೆಚ್ಚು.

ಗುಣವಾದ ಮೇಲೂ ಕೆಲಸ ಮುಗಿಯುವುದಿಲ್ಲ. ಈ ವೈರಸ್ ನೆಲ, ಬಟ್ಟಲು, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಸಾಮಾನ್ಯ ಫಿನಾಯಿಲ್ ಇದಕ್ಕೆ ಸಾಲದು. ನೆಲವನ್ನು ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹಾಕಿ, 10 ನಿಮಿಷ ಬಿಟ್ಟು ಒರೆಸಬೇಕು. ಲಸಿಕೆ ಪೂರ್ಣಗೊಳ್ಳದ ಇನ್ನೊಂದು ಮರಿಯನ್ನು ಆ ಮನೆಗೆ ತರಬಾರದು. ಮರಿಗೆ 6ರಿಂದ 8 ವಾರವಾದಾಗ ಮೊದಲ ಲಸಿಕೆ, ನಂತರ 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಇದು ಸಾಮಾನ್ಯ ಕ್ರಮ.

ಉಣ್ಣೆ ಜ್ವರ: ಮಾತ್ರೆ ಅರ್ಧಕ್ಕೆ ಬಿಡಬೇಡಿ

ಬೀದಿಯಿಂದ ಬಂದ ದೊಡ್ಡ ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಉಣ್ಣೆಯಿಂದ ಹರಡುವ ಎರ್ಲಿಕಿಯಾ ಸೋಂಕು. ಜ್ವರ, ಸುಸ್ತು, ಬಿಳಿಚಿದ ಒಸಡು, ಕೆಲವೊಮ್ಮೆ ಮೂಗಿನಿಂದ ರಕ್ತ ಇದರ ಲಕ್ಷಣಗಳು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗಿರುವುದು ಕಾಣುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡಲು ಹೇಳುತ್ತಾರೆ. ಎರಡು-ಮೂರು ದಿನಕ್ಕೇ ನಾಯಿ ಗೆಲುವಾಗುವುದರಿಂದ ಹಲವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಆಗ ಸೋಂಕು ಒಳಗೇ ಉಳಿದು ಮತ್ತೆ ತಲೆಯೆತ್ತಬಹುದು. ಉಣ್ಣೆಗಳು ತಮ್ಮ ಜೀವನದ ಹೆಚ್ಚಿನ ಭಾಗ ಕಳೆಯುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕು, ಬಾಗಿಲ ಸಂದುಗಳಲ್ಲಿ. ಆದ್ದರಿಂದ ನಾಯಿಯ ಜೊತೆಗೆ ಮನೆಯನ್ನೂ ಸ್ವಚ್ಛ ಮಾಡಬೇಕು.

ಚೇತರಿಕೆಯ ದಿನಗಳಲ್ಲಿ

* ಉಪ್ಪು-ಮಸಾಲೆ ಇಲ್ಲದ ಮೆತ್ತಗಿನ ಅನ್ನ, ಮೂಳೆ ತೆಗೆದ ಬೇಯಿಸಿದ ಚಿಕನ್ ಅನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಬಾರಿ ಕೊಡಬಹುದು. ಹಾಲು ಅನೇಕ ನಾಯಿಗಳಲ್ಲಿ ಭೇದಿ ಹೆಚ್ಚಿಸುತ್ತದೆ.
* ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.
* ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲೇಬಾರದು. ಅವು ನಾಯಿಯ ಪ್ರಾಣಕ್ಕೇ ಕುತ್ತಾಗಬಹುದು.
* ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ 10ರಿಂದ 14 ದಿನ ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕೋನ್ ಹಾಕಿರಬೇಕು. ಸ್ನಾನ, ಮೆಟ್ಟಿಲು ಹತ್ತುವುದು, ಓಟ ಬೇಡ.
* ಮಾತ್ರೆ, ಇಂಜೆಕ್ಷನ್‌ಗೆ ಹಿಡಿದುಕೊಳ್ಳುವವರನ್ನು ಕಂಡರೆ ನಾಯಿ ದೂರ ಸರಿಯತೊಡಗುತ್ತದೆ. ಮನೆಯಲ್ಲಿ ಒಬ್ಬರು ಔಷಧ ಕೊಟ್ಟರೆ ಇನ್ನೊಬ್ಬರು ಊಟ ಕೊಡುವುದು ಉತ್ತಮ.
* ನೋವಿರುವ ಜಾಗ ಮುಟ್ಟಿದಾಗ ಗುರ್ ಎನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಗದರಿದರೆ ಮುಂದೆ ಎಚ್ಚರಿಕೆ ಕೊಡದೆಯೇ ಕಚ್ಚಬಹುದು.

ಮೂರು ದಿನ, ಮೂರು ವಾರ, ಮೂರು ತಿಂಗಳು

ದತ್ತು ಕೊಡುವವರು ಸಾಮಾನ್ಯವಾಗಿ ಹೇಳುವ ಲೆಕ್ಕವಿದು. ಮೊದಲ ಮೂರು ದಿನ ನಾಯಿಗೆ ಎಲ್ಲವೂ ಗೊಂದಲ. ಮೂರು ವಾರದಲ್ಲಿ ಊಟ, ವಾಕಿಂಗ್ ಸಮಯ ತಿಳಿಯುತ್ತದೆ, ನಿಜವಾದ ಸ್ವಭಾವವೂ ಹೊರಬರುತ್ತದೆ. ಇದು ತನ್ನ ಮನೆ ಎಂಬ ನಂಬಿಕೆ ಬರಲು ಮೂರು ತಿಂಗಳು ಬೇಕು. ಇದೊಂದು ಅಂದಾಜು ಅಷ್ಟೇ. ನಡುವೆ ಕಾಯಿಲೆ ಬಂದರೆ ಈ ಲೆಕ್ಕ ಹಿಂದಕ್ಕೆ ಹೋಗುತ್ತದೆ. ಆಸ್ಪತ್ರೆಯಿಂದ ಬಂದ ನಾಯಿ ಕಲಿತಿದ್ದನ್ನು ಮರೆತು ಮತ್ತೆ ಮನೆಯೊಳಗೇ ಮೂತ್ರ ಮಾಡಿದರೆ ಅದು ಹಟವಲ್ಲ. 'ನಮ್ಮ ಮನೆಗೆ ಒಗ್ಗುತ್ತಿಲ್ಲ' ಎಂದು ವಾಪಸ್ ಕೊಡುವ ಯೋಚನೆ ಬರುವುದೂ ಈ ಹೊತ್ತಿನಲ್ಲೇ. ಆದರೆ ಸುಸ್ತಾದ ನಾಯಿಯ ವರ್ತನೆ ನೋಡಿ ಅದರ ಸ್ವಭಾವ ತೀರ್ಮಾನಿಸಲಾಗದು.

ಮೊದಲ ವಾರ ನೆರೆಹೊರೆಯವರನ್ನೆಲ್ಲ ಕರೆದು ತೋರಿಸುವುದು, ಬಂದ ದಿನವೇ ಸ್ನಾನ ಮಾಡಿಸುವುದು ಬೇಡ. ಓಡಾಟ ಕಡಿಮೆ ಇರುವ ಒಂದು ಮೂಲೆಯಲ್ಲಿ ಹಾಸಿಗೆ, ನೀರು ಇಟ್ಟು, ಅದಾಗಿಯೇ ಹತ್ತಿರ ಬರುವವರೆಗೆ ಬಿಡಬೇಕು. ನಿದ್ದೆಯಿಂದ ಎದ್ದಾಗ, ಊಟವಾದ ಮೇಲೆ, ಆಟ ಮುಗಿದಾಗ ಹೊರಗೆ ಕರೆದೊಯ್ದರೆ ಶೌಚದ ಅಭ್ಯಾಸ ಬೇಗ ಆಗುತ್ತದೆ.

ಮುಂಬೈ, ಪುಣೆ, ಹೈದರಾಬಾದ್‌ನ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಸಮಸ್ಯೆಯಿದೆ. ಅಜ್ಜಿ 'ಕೂತ್ಕೋ' ಎಂದರೆ, ಮಕ್ಕಳು 'ಸಿಟ್' ಎನ್ನುತ್ತಾರೆ, ವಾಚ್‌ಮನ್ 'ಬೈಠ್' ಎನ್ನುತ್ತಾರೆ. ಭಾಷೆ ಯಾವುದಾದರೂ ನಾಯಿ ಕಲಿಯುತ್ತದೆ. ಆದರೆ ಒಂದು ಕೆಲಸಕ್ಕೆ ಎಲ್ಲರೂ ಒಂದೇ ಪದ ಬಳಸಬೇಕು.

ಸೊಸೈಟಿ ಬೇಡ ಎನ್ನಬಹುದೇ?

ಸಾಕುಪ್ರಾಣಿಯನ್ನು ನಿಷೇಧಿಸುವ ಅಧಿಕಾರ, ಬಹುಮತವಿದ್ದರೂ, ನಿವಾಸಿಗಳ ಸಂಘಗಳಿಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಅದೇ ಮಾರ್ಗಸೂಚಿ ಮಾಲೀಕರಿಗೂ ಹೊಣೆ ಹೊರಿಸಿದೆ: ಲಸಿಕೆ, ಸ್ವಚ್ಛತೆ, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು. ಪಾಲಿಕೆಯ ಪರವಾನಗಿಯನ್ನೂ ಪಡೆದಿರಬೇಕು. ನಾಯಿ ಕಚ್ಚಿದರೆ ಅಥವಾ ಪರಚಿದರೆ, ಅದು ಮನೆಯದೇ ಆಗಿದ್ದರೂ, ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಾಯಿ ತರುವ ಮೊದಲೇ ಹತ್ತಿರದ ಪಶು ಆಸ್ಪತ್ರೆ, ಅದರ ಸಮಯ, ರಾತ್ರಿ ಸೇವೆ ವಿಚಾರಿಸಿಟ್ಟುಕೊಳ್ಳಿ. ಮುಂಬೈ ಪರೇಲ್‌ನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ, ಚೆನ್ನೈ ವೇಪೇರಿಯ ಮದ್ರಾಸ್ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಲ್ಲೂ ಚಿಕಿತ್ಸೆ ಸಿಗುತ್ತದೆ. ಮೊದಲ ವಾರದಲ್ಲೇ ಒಮ್ಮೆ ತೋರಿಸಿ, ಮಲ ಮತ್ತು ರಕ್ತ ಪರೀಕ್ಷೆ ಮಾಡಿಸಿ, ಜಂತುಹುಳಕ್ಕೆ ಔಷಧ ಹಾಕಿಸಿದರೆ ಅರ್ಧ ಆತಂಕ ಕಳೆದಂತೆ. ಉಳಿದರ್ಧಕ್ಕೆ ಬೇಕಿರುವುದು ತಾಳ್ಮೆ. ಮೈ ಮುರಿದು ಎದ್ದು, ಮೈ ಕೊಡವಿ, ಬಾಗಿಲ ಬಳಿ ಹೋಗಿ ತಿರುಗಿ ನೋಡಿತು ಎಂದರೆ ಅದು ಮನೆಗೆ ಒಗ್ಗತೊಡಗಿದೆ ಎಂದೇ ಅರ್ಥ.